ಎರ್ಲಾಂಗ್: ಜಾಲವನ್ನು ಅಳೆದ ಗಣಿತಜ್ಞ

ದೊಡ್ಡದೊಂದು ಬ್ಯಾಂಕಿನ ಅಥವಾ ರೈಲ್ವೆಯಂತಹ ಸಂಸ್ಥೆಯ ವ್ಯವಹಾರವೆಲ್ಲ ಇಂದು ಗಣಕಯಂತ್ರಗಳ ಜಾಲವನ್ನು ಆಶ್ರಯಿಸಿ ನಿಂತಿದೆ. ನೂರಾರು ಊರುಗಳ ಶಾಖೆಗಳಲ್ಲಿರುವ ಯಂತ್ರಗಳು ತಂತಿಗಳ ಮೂಲಕವೂ ಗಾಜಿನ ಎಳೆಗಳ ಮೂಲಕವೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಜಾಲವನ್ನು ನೋಡಿಕೊಳ್ಳುವುದಕ್ಕೆಂದೇ ಪ್ರತ್ಯೇಕವಾದ ಒಂದು ಕೊಠಡಿ ಇರುತ್ತದೆ. ಅಲ್ಲಿ ಹಗಲೂ ರಾತ್ರಿಯೂ ಕೆಲವರು ಪರದೆಗಳ ಮುಂದೆ ಕುಳಿತು, ಯಾವ ಲೈನಿನಲ್ಲಿ ಎಷ್ಟು ದಟ್ಟಣೆ ಇದೆ, ಯಾವ ರೂಟರು ಉತ್ತರ ಕೊಡುತ್ತಿಲ್ಲ, ಯಾವ ಊರಿನ ದಾರಿ ಇನ್ನೇನು ತುಂಬಿಹೋಗುವಂತಿದೆ ಎಂಬುದನ್ನು ಗಮನಿಸುತ್ತಿರುತ್ತಾರೆ. ಹೊರಗಿನವರ ಕಣ್ಣಿಗೆ ಇದು ಯಂತ್ರಗಳಿಗೆ ಕಾವಲು ಕೂಡುವ ಕೆಲಸ. ಆದರೆ ಅಲ್ಲಿ ನಿಜವಾಗಿ ನಡೆಯುವುದು ಎಣಿಕೆಯ ಕೆಲಸ. ಎಷ್ಟು ಲೈನುಗಳಿದ್ದರೆ ಸಾಕು, ಎಷ್ಟು ಜನ ಕಾಯಬೇಕಾದೀತು, ಎಷ್ಟು ಜನರಿಗೆ ಇಲ್ಲವೆನ್ನಬೇಕಾದೀತು ಎಂಬ ಎಣಿಕೆ. ಈ ಎಣಿಕೆಗೆ ಶಾಸ್ತ್ರದ ರೂಪವನ್ನು ಕೊಟ್ಟವನು ಗಣಕಜಾಲವನ್ನು ಕಂಡವನೇ ಅಲ್ಲ. ಅವನು 1929ರಲ್ಲಿ ತೀರಿಕೊಂಡ ಡೆನ್ಮಾರ್ಕ್ ದೇಶದ ಗಣಿತಜ್ಞ, ಆಗ್ನರ್ ಕ್ರಾರುಪ್ ಎರ್ಲಾಂಗ್. ಎಂಜಿನಿಯರುಗಳ ನಡುವೆ ಅವನ ಹೆಸರು ದಿನನಿತ್ಯದ ಮಾತಾಗಿದೆ. ಅವನ ಜೀವನವನ್ನು ಬಲ್ಲವರು ಮಾತ್ರ ವಿರಳ.

ಎರ್ಲಾಂಗನು 1878ನೆಯ ಇಸವಿ ಜನವರಿ 1ರಂದು ಡೆನ್ಮಾರ್ಕಿನ ಜಟ್‌ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಹಾನ್ಸ್ ನೀಲ್ಸೆನ್ ಎರ್ಲಾಂಗ್ ಆ ಹಳ್ಳಿಯ ಶಾಲೆಯ ಉಪಾಧ್ಯಾಯ. ಅಲ್ಲಿಯ ಇಗರ್ಜಿಯ ಲೆಕ್ಕಪತ್ರಗಳ ಕೆಲಸವೂ ಅವನದೇ. ತಾಯಿ ಮಾಗ್ಡಲೇನ್ ಕ್ರಾರುಪ್ ಪಾದ್ರಿಗಳ ಮನೆತನದವಳು. ಆ ಮನೆತನದ ಪೂರ್ವಿಕರಲ್ಲಿ ತೋಮಾಸ್ ಫಿಂಕೆ ಎಂಬ ಗಣಿತಜ್ಞನೊಬ್ಬನಿದ್ದನು. ತ್ರಿಕೋನಮಿತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡುವ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು 1583ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಬಳಕೆಗೆ ತಂದವನು ಇವನೇ. ಆಗ್ನರನಿಗೆ ಒಬ್ಬ ಅಣ್ಣ, ಇಬ್ಬರು ತಂಗಿಯರು. ಅಣ್ಣ ಫ್ರೆಡರಿಕನು ಸಂಜೆ ಪುಸ್ತಕವನ್ನು ಹಿಡಿದು ಓದಲು ಕುಳಿತರೆ ತಮ್ಮನು ಮೇಜಿನ ಎದುರು ಬದಿಯಲ್ಲಿ ಕುಳಿತು ಅದೇ ಪುಟವನ್ನು ತಲೆಕೆಳಗಾಗಿಯೇ ಓದುತ್ತಿದ್ದನಂತೆ. ಇದನ್ನು ಪ್ರತಿಭೆಯ ಲಕ್ಷಣವೆಂದು ಹೇಳುವ ವಾಡಿಕೆಯಿದೆ. ಬಡ ಉಪಾಧ್ಯಾಯನ ಮನೆಯಲ್ಲಿ ಇಬ್ಬರಿಗೆ ಒಂದೇ ಪುಸ್ತಕವಿದ್ದಾಗ ಹೀಗಾಗುವುದು ಸಹಜವೆಂದೂ ಹೇಳಬಹುದು.

ಬಾಲ್ಯದಲ್ಲಿ ಅವನಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ವಿಷಯ ಖಗೋಲಶಾಸ್ತ್ರ. ನಕ್ಷತ್ರ ಗ್ರಹಗಳನ್ನು ಕುರಿತು ಪದ್ಯಗಳನ್ನೂ ಬರೆಯುತ್ತಿದ್ದನು. ಮೊದಲ ವಿದ್ಯಾಭ್ಯಾಸವೆಲ್ಲ ಮನೆಯಲ್ಲಿ, ತಂದೆಯ ಬಳಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್ ನಗರಕ್ಕೆ ಹೋಗಿ ಅಲ್ಲಿಯ ಆರಂಭ ಪರೀಕ್ಷೆಗೆ ಕುಳಿತನು. ವಯಸ್ಸು ಸಾಲದೆಂಬ ಕಾರಣದಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಪರೀಕ್ಷೆಯಲ್ಲಿ ವಿಶೇಷ ಮನ್ನಣೆಯೊಡನೆ ತೇರ್ಗಡೆಯಾದನು. ಅಲ್ಲಿಂದ ಹಳ್ಳಿಗೆ ಹಿಂದಿರುಗಿ ಎರಡು ವರ್ಷಗಳ ಕಾಲ ತಂದೆಯ ಶಾಲೆಯಲ್ಲಿಯೇ ಸಹಾಯಕ ಉಪಾಧ್ಯಾಯನಾಗಿದ್ದನು. ಬಿಡುವಿನಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತನು. ಆಮೇಲೆ ಹಿಲ್ಲೆರೋಡ್ ಎಂಬ ಊರಿನ ಶಾಲೆಯಲ್ಲಿ ಉಚಿತ ವಸತಿ ದೊರೆತು, ಓದು ಮುಂದುವರಿದು, 1896ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯನ್ನು ಮುಗಿಸಿದನು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಅವನು ಓದಿದುದೂ ವಿದ್ಯಾರ್ಥಿವೇತನದಿಂದಲೇ. ಗಣಿತವನ್ನು ಮುಖ್ಯ ವಿಷಯವನ್ನಾಗಿಯೂ ಖಗೋಲ, ಭೌತ, ರಸಾಯನ ಶಾಸ್ತ್ರಗಳನ್ನು ಉಪವಿಷಯಗಳನ್ನಾಗಿಯೂ ತೆಗೆದುಕೊಂಡು 1901ರಲ್ಲಿ ಎಂ.ಎ. ಪದವಿಯನ್ನು ಪಡೆದನು. ವಿದ್ಯಾರ್ಥಿವೇತನವಿಲ್ಲದಿದ್ದರೆ ಓದು ನಿಂತೇ ಹೋಗುತ್ತಿದ್ದ ನಮ್ಮ ಸಹಪಾಠಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಏಳು ವರ್ಷ ಅವನು ಶಾಲೆಗಳಲ್ಲಿ ಪಾಠ ಹೇಳಿದನು. ಈ ಅವಧಿಯಲ್ಲಿ ವಿಶ್ವವಿದ್ಯಾನಿಲಯವು ಹೊರಡಿಸಿದ್ದ ಒಂದು ಸ್ಪರ್ಧೆಯ ಪ್ರಶ್ನೆಗೆ ಉತ್ತರವಾಗಿ, ಹಾಯ್ಗೆನ್ಸ್ ಎಂಬ ಹಳೆಯ ಗಣಿತಜ್ಞನ ವಿಧಾನಗಳನ್ನು ಕುರಿತು ಪ್ರಬಂಧ ಬರೆದು 1904ರಲ್ಲಿ ಮನ್ನಣೆ ಪಡೆದನು. ಡೇನಿಷ್ ಗಣಿತಜ್ಞರ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದನು. ಅವನ ಜೀವನದ ದಾರಿ ತಿರುಗಿದುದು ಈ ಸಂಘದಲ್ಲಿ. ಅಲ್ಲಿಗೆ ಬರುತ್ತಿದ್ದ ಯೋಹಾನ್ ಜೆನ್ಸೆನ್ ಎಂಬಾತನು ಕೋಪನ್‌ಹೇಗನ್ ಟೆಲಿಫೋನ್ ಕಂಪೆನಿಯ ಮುಖ್ಯ ಎಂಜಿನಿಯರು. ಗಣಿತದ ಬಿ.ಎಸ್‌ಸಿ. ತರಗತಿಯವರು ಜೆನ್ಸೆನ್ ಅಸಮತೆ ಎಂದು ಓದುವುದು ಈತನದೇ ಫಲಿತಾಂಶವನ್ನು. ಹಗಲು ಕಂಪೆನಿಯ ಕೆಲಸ, ರಾತ್ರಿ ಗಣಿತ, ಹೀಗೆ ಬದುಕಿದವನು ಅವನು. ಅವನು ಎರ್ಲಾಂಗನನ್ನು ಕಂಪೆನಿಯ ನಿರ್ದೇಶಕನಾಗಿದ್ದ ಯೋಹಾನ್‌ಸೆನ್ ಎಂಬವನಿಗೆ ಪರಿಚಯ ಮಾಡಿಸಿದನು. ಈ ನಿರ್ದೇಶಕನಾದರೂ ಬರಿಯ ವ್ಯಾಪಾರಿಯಲ್ಲ. ಕರೆಗಳ ಸಂಖ್ಯೆಗೂ ಜನ ಕಾಯಬೇಕಾದ ಹೊತ್ತಿಗೂ ಇರುವ ಸಂಬಂಧವನ್ನು ಕುರಿತು 1907ರಲ್ಲಿ ತಾನೇ ಒಂದು ಲೇಖನವನ್ನು ಬರೆದಿದ್ದನು. 1908ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಎರ್ಲಾಂಗನು ಶಾಲೆಯನ್ನು ಬಿಟ್ಟು ಕಂಪೆನಿಯ ಪ್ರಯೋಗಶಾಲೆಯ ಮುಖ್ಯಸ್ಥನಾಗಿ ಸೇರಿದನು. ಗಣಿತದವನಿಗೆ ಟೆಲಿಫೋನ್ ಕಂಪೆನಿಯಲ್ಲಿ ಏನು ಕೆಲಸವೆಂದು ಆಗಿನ ಕಾಲದಲ್ಲಿ ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆ ಕೆಲಸವೇನೆಂಬುದನ್ನು ತಿಳಿಯಲು ಆಗಿನ ಎಕ್ಸ್‌ಚೇಂಜು ಹೇಗಿದ್ದಿತೆಂಬುದನ್ನು ನೆನೆಯಬೇಕು. ಚಂದಾದಾರನೊಬ್ಬನು ಮಾತನಾಡಬೇಕೆಂದರೆ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರಳನ್ನು ಕರೆಯಬೇಕು. ಅವಳು ಯಾರು ಬೇಕೆಂದು ಕೇಳಿ, ಒಂದು ಹುರಿಯ ತುದಿಯನ್ನು ಇವನ ರಂಧ್ರಕ್ಕೂ ಇನ್ನೊಂದು ತುದಿಯನ್ನು ಅವನ ರಂಧ್ರಕ್ಕೂ ಸಿಕ್ಕಿಸುವಳು. ಇಬ್ಬರೂ ಒಂದೇ ಎಕ್ಸ್‌ಚೇಂಜಿನವರಲ್ಲದಿದ್ದರೆ ಎರಡು ಎಕ್ಸ್‌ಚೇಂಜುಗಳ ನಡುವೆ ಹಾಕಿರುವ ಲೈನುಗಳಲ್ಲಿ ಒಂದು ಬಿಡುವಾಗಿರಬೇಕು. ಎಲ್ಲ ಲೈನುಗಳಲ್ಲಿಯೂ ಮಾತು ನಡೆಯುತ್ತಿದ್ದರೆ ಹೊಸಬನಿಗೆ ಇಲ್ಲವೆಂದು ಹೇಳಬೇಕು. ಹಿಂದೆ ಟ್ರಂಕ್ ಕಾಲ್ ಕಾಯ್ದಿರಿಸಿ ಮಧ್ಯಾಹ್ನದಿಂದ ಸಂಜೆಯವರೆಗೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದು ಕುಳಿತವರು ನಮ್ಮ ಮನೆಗಳ ಹಿರಿಯರಲ್ಲಿ ಎಷ್ಟೋ ಮಂದಿ ಇದ್ದಾರೆ. ಇಲ್ಲವೆಂಬ ಆ ಮಾತಿನ ಬೆಲೆ ಅವರಿಗೆ ಗೊತ್ತು. ವೈದ್ಯನನ್ನು ಕರೆಯುವವನಿಗೂ ಅದೇ ಉತ್ತರ, ಸುಮ್ಮನೆ ಹರಟೆಗೆ ಕರೆಯುವವನಿಗೂ ಅದೇ ಉತ್ತರ.

ಹಾಗಾದರೆ ಲೈನುಗಳನ್ನು ಬೇಕಾದಷ್ಟು ಹಾಕಿಬಿಡಬಾರದೇಕೆ? ತಾಮ್ರಕ್ಕೆ ಹಣ ಬೇಕು. ನೆಲ ಅಗೆಯುವುದಕ್ಕೆ ಹಣ ಬೇಕು. ಆಪರೇಟರುಗಳಿಗೆ ಸಂಬಳ ಬೇಕು. ಸಾವಿರ ಚಂದಾದಾರರಿದ್ದರೆಂದು ಸಾವಿರ ಲೈನು ಹಾಕಿದರೆ ಅವುಗಳಲ್ಲಿ ಬಹುಭಾಗ ಯಾವಾಗಲೂ ಸುಮ್ಮನೆ ಬಿದ್ದಿರುತ್ತವೆ. ಅದರ ಖರ್ಚು ಎಲ್ಲರ ಬಾಡಿಗೆಯ ಮೇಲೆ ಬೀಳುತ್ತದೆ. ಬಾಡಿಗೆ ಏರಿದರೆ ಬಡವನ ಮನೆಗೆ ಟೆಲಿಫೋನು ಬಾರದು. ಕಡಮೆ ಹಾಕಿದರೆ ಜನ ಶಪಿಸುತ್ತಾರೆ. ಕಂಪೆನಿಗಳು ಆ ತನಕ ಅನುಭವದಿಂದಲೂ ಅಂದಾಜಿನಿಂದಲೂ ಈ ಕೆಲಸ ನಡೆಸುತ್ತಿದ್ದುವು. ದಿನಕ್ಕೆ ಸರಾಸರಿ ಎಷ್ಟು ಕರೆಗಳು ಬರುತ್ತವೆಂದು ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಲೈನು ಹಾಕುವುದು. ಆ ಒಂದಿಷ್ಟು ಎಂದರೆ ಎಷ್ಟು ಎಂಬುದೇ ಎರ್ಲಾಂಗನ ಮುಂದಿದ್ದ ಪ್ರಶ್ನೆ.

1909ರಲ್ಲಿ ಅವನು ಸಂಭಾವ್ಯತಾಶಾಸ್ತ್ರ ಮತ್ತು ಟೆಲಿಫೋನ್ ಸಂಭಾಷಣೆಗಳನ್ನು ಕುರಿತ ತನ್ನ ಮೊದಲ ಲೇಖನವನ್ನು ಪ್ರಕಟಿಸಿದನು. ಒಬ್ಬೊಬ್ಬ ಚಂದಾದಾರನೂ ಯಾವಾಗ ಕರೆ ಮಾಡುತ್ತಾನೆಂಬುದು ಯಾರಿಗೂ ತಿಳಿಯದು. ಆದರೆ ಒಬ್ಬರನ್ನೊಬ್ಬರು ಕೇಳದೆ ತಮ್ಮ ತಮ್ಮ ಅಗತ್ಯಕ್ಕೆ ಕರೆ ಮಾಡುವ ಬಹುಮಂದಿಯ ಕರೆಗಳನ್ನು ಒಟ್ಟುಗೂಡಿಸಿ ನೋಡಿದರೆ ಅವು ಫ್ರಾನ್ಸಿನ ಪಾಯ್ಸಾನ್ ಹಿಂದೆಯೇ ಕಂಡುಹಿಡಿದಿದ್ದ ಒಂದು ನಿಯಮವನ್ನು ಅನುಸರಿಸುತ್ತವೆ ಎಂಬುದನ್ನು ಅವನು ತೋರಿಸಿದನು. ಉದಾಹರಣೆಗೆ ಒಂದು ಎಕ್ಸ್‌ಚೇಂಜಿಗೆ ನಿಮಿಷಕ್ಕೆ ಸರಾಸರಿ 2 ಕರೆಗಳು ಬರುತ್ತವೆ ಎನ್ನೋಣ. ನಿಮಿಷ ನಿಮಿಷಕ್ಕೂ ತಪ್ಪದೆ ಎರಡೇ ಬರುತ್ತವೆಯೆ? ಇಲ್ಲ. ನೂರು ನಿಮಿಷಗಳಲ್ಲಿ ಸುಮಾರು 13 ಅಥವಾ 14 ನಿಮಿಷಗಳಲ್ಲಿ ಒಂದು ಕರೆಯೂ ಇರುವುದಿಲ್ಲ. ಸುಮಾರು 5 ನಿಮಿಷಗಳಲ್ಲಿ ಐದೋ ಅದಕ್ಕೂ ಹೆಚ್ಚೋ ಕರೆಗಳು ಒಟ್ಟಿಗೆ ನುಗ್ಗುತ್ತವೆ. ಸರಾಸರಿಯನ್ನು ಮಾತ್ರ ನೋಡಿ ಲೈನು ಹಾಕಿದವನು ಕೆಡುವುದು ಈ ಐದು ನಿಮಿಷಗಳಲ್ಲಿ. ಕೆರೆಯ ಸರಾಸರಿ ಆಳ ಮೊಣಕಾಲುದ್ದವೆಂದು ನಂಬಿ ಇಳಿದವನ ಕಥೆಯೇ ಇಲ್ಲಿಯೂ.

ಇಷ್ಟನ್ನು ಕಾಗದದ ಮೇಲೆ ಕಂಡುಕೊಂಡವನು ಕೊಠಡಿಯಲ್ಲೇ ಕುಳಿತುಬಿಟ್ಟನೆಂದು ತಿಳಿಯಬಾರದು. ಪ್ರಯೋಗಶಾಲೆಯ ಮುಖ್ಯಸ್ಥನೆಂಬ ಹೆಸರೇನೋ ಇದ್ದಿತು. ಮೊದಲಲ್ಲಿ ಅವನ ಕೈಕೆಳಗೆ ಅಳತೆಯ ಕೆಲಸ ಮಾಡುವವರು ಯಾರೂ ಇರಲಿಲ್ಲ. ನೆಲದೊಳಗೆ ಹಾಕಿದ ಟೆಲಿಫೋನ್ ಕೇಬಲುಗಳಿಗೆ ಆ ಕಾಲದ ನಗರಗಳಲ್ಲಿ ಒಂದು ಪಿಡುಗು ಅಂಟಿಕೊಂಡಿತ್ತು. ವಿದ್ಯುತ್ ಟ್ರಾಮುಗಳಂತಹವುಗಳಿಂದ ನೆಲಕ್ಕೆ ಸೋರಿದ ವಿದ್ಯುತ್ತು ಕೇಬಲಿನ ಸೀಸದ ಹೊದಿಕೆಯನ್ನು ಹಿಡಿದು ಹರಿದು, ಅದನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕುವುದು. ಇಂತಹ ದಾರಿ ತಪ್ಪಿದ ವಿದ್ಯುತ್ತನ್ನು ಅಳೆಯುವುದಕ್ಕಾಗಿ ಎರ್ಲಾಂಗನು ತಾನೇ ಬೀದಿಗೆ ಇಳಿಯುತ್ತಿದ್ದನು. ಏಣಿಯನ್ನು ಹೊತ್ತ ಕೂಲಿಯವನೊಬ್ಬನು ಜೊತೆಗೆ, ಉಪಕರಣವನ್ನು ಹಿಡಿದ ಈತನು. ಹೀಗೆ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಇಬ್ಬರೂ ನಡೆದು, ಮುಚ್ಚಳ ತೆಗೆದ ಗುಂಡಿಗಳೊಳಕ್ಕೆ ಇಳಿದು ಅಳತೆ ಮಾಡುತ್ತಿದ್ದುದನ್ನು ಊರಿನವರು ಕಂಡಿದ್ದರು. ಅಳತೆಗೆ ಇದ್ದ ಉಪಕರಣವು ತೃಪ್ತಿಕರವಾಗಿಲ್ಲವೆಂದು ಕಂಡಾಗ ಅದನ್ನು ಸುಧಾರಿಸಿ ಹೊಸದೊಂದನ್ನು ರಚಿಸಿದನು. ಅದಕ್ಕೂ ಅವನ ಹೆಸರೇ ನಿಂತಿತು. ನನಗೆ ಎರ್ಲಾಂಗನ ಸೂತ್ರಗಳಿಗಿಂತ ಈ ಗುಂಡಿಯ ಚಿತ್ರವೇ ಹೆಚ್ಚು ನೆನಪಿನಲ್ಲಿ ಉಳಿದಿದೆ. ಜಾಲದ ನಿರ್ವಹಣೆ ಎಂಬ ವಿದ್ಯೆಗೆ ಎರಡು ಕೈಗಳು. ಒಂದು, ಕೆಟ್ಟದ್ದು ಎಲ್ಲಿ ಎಂದು ಹೋಗಿ ಹುಡುಕುವುದು; ಇನ್ನೊಂದು, ಹೊರೆ ಎಷ್ಟೆಂದು ಅಳೆದು ಮುಂದಾಗಿ ಸಿದ್ಧವಾಗುವುದು. ಎರಡನ್ನೂ ಒಬ್ಬನೇ ಮಾಡಿದನು.

ಅವನ ಅತ್ಯಂತ ಪ್ರಸಿದ್ಧವಾದ ಲೇಖನ ಹೊರಬಂದುದು 1917ರಲ್ಲಿ. ಆ ವೇಳೆಗೆ ಆಪರೇಟರಳ ಬದಲು ಯಂತ್ರವೇ ಲೈನನ್ನು ಹುಡುಕಿ ಜೋಡಿಸುವ ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಬರತೊಡಗಿದ್ದುವು. ಇಂತಹ ಎಕ್ಸ್‌ಚೇಂಜಿನಲ್ಲಿ ಇಷ್ಟು ಹೊರೆಗೆ ಇಷ್ಟು ಲೈನುಗಳಿದ್ದರೆ ನೂರರಲ್ಲಿ ಎಷ್ಟು ಕರೆಗಳು ಜಾಗ ಸಿಗದೆ ಹಿಂದಿರುಗುತ್ತವೆ ಎಂಬುದಕ್ಕೆ ಅವನು ಕೊಟ್ಟ ಸೂತ್ರವೇ ಇಂದಿಗೂ ಎರ್ಲಾಂಗನ ಬಿ ಸೂತ್ರವೆಂದು ಪ್ರಸಿದ್ಧವಾಗಿದೆ. ಮರುವರ್ಷ ಇದರ ಇಂಗ್ಲಿಷ್ ರೂಪ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರುಗಳ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಇಲಾಖೆಯು ತನ್ನ ಎಕ್ಸ್‌ಚೇಂಜುಗಳ ಲೆಕ್ಕಕ್ಕೆ ಇದನ್ನೇ ಆಧಾರವಾಗಿ ಸ್ವೀಕರಿಸಿತು.

ಕಲಾ ವಿಭಾಗದ ವಾಚಕರು ಸೂತ್ರವೆಂದೊಡನೆ ಪುಟ ತಿರುವಬಾರದು. ಇದಕ್ಕೆ ಬೇಕಾದುದು ಗುಣಾಕಾರ ಭಾಗಾಕಾರ ಮಾತ್ರ. ಗಂಟೆಗೆ 40 ಕರೆಗಳು, ಒಂದೊಂದು ಕರೆಯೂ ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು ಮಾತು 120 ನಿಮಿಷ, ಎಂದರೆ ಒಂದು ಗಂಟೆಯಲ್ಲಿ ಎರಡು ಗಂಟೆಯಷ್ಟು ಮಾತು. ಈ ಹೊರೆಯನ್ನು 2 ಎಂದು ಕರೆಯೋಣ. ಸಾಮಾನ್ಯ ಬುದ್ಧಿಗೆ 2 ಲೈನು ಸಾಕೆಂದು ತೋರುತ್ತದೆ. ಈಗ ಲೆಕ್ಕ ಹಾಕುವ ಕ್ರಮ ಇದು. ಲೈನೇ ಇಲ್ಲದಿದ್ದರೆ ಎಲ್ಲ ಕರೆಯೂ ನಷ್ಟ, ಎಂದರೆ ನಷ್ಟದ ಪ್ರಮಾಣ 1. ಒಂದೊಂದು ಲೈನನ್ನು ಸೇರಿಸುವಾಗಲೂ ಹಿಂದಿನ ನಷ್ಟದ ಪ್ರಮಾಣವನ್ನು ಹೊರೆಯಿಂದ ಗುಣಿಸಬೇಕು. ಬಂದ ಸಂಖ್ಯೆಯನ್ನು, ಅದೇ ಸಂಖ್ಯೆಗೆ ಲೈನುಗಳ ಸಂಖ್ಯೆಯನ್ನು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಒಂದು ಲೈನಿಗೆ 2ನ್ನು 3ರಿಂದ ಭಾಗಿಸಿದಂತಾಯಿತು. ಮೂರರಲ್ಲಿ ಎರಡು ಪಾಲು ಕರೆಗಳು ನಷ್ಟ. ಎರಡು ಲೈನುಗಳಿಗೆ ನೂರಕ್ಕೆ 40 ನಷ್ಟ. ಸಾಮಾನ್ಯ ಬುದ್ಧಿ ಎಷ್ಟು ತಪ್ಪಿತೆಂಬುದನ್ನು ಗಮನಿಸಿರಿ! ನಾಲ್ಕು ಲೈನುಗಳಿಗೆ ನೂರಕ್ಕೆ ಒಂಬತ್ತೂವರೆ, ಐದಕ್ಕೆ 3.7, ಆರಕ್ಕೆ 1.2, ಏಳಕ್ಕೆ ನೂರಕ್ಕೆ ಅರ್ಧಕ್ಕೂ ಕಡಮೆ. ಎಷ್ಟು ಲೈನು ಹಾಕಿದರೂ ನಷ್ಟ ಪೂರ್ತಿ ಸೊನ್ನೆಯಾಗುವುದಿಲ್ಲ. ಆದುದರಿಂದ ನೂರರಲ್ಲಿ ಎಷ್ಟು ಮಂದಿಗೆ ಇಲ್ಲವೆನ್ನುವುದನ್ನು ಸಹಿಸಬಹುದು ಎಂಬುದನ್ನು ಯಾರಾದರೂ ಕುಳಿತು ನಿಶ್ಚಯಿಸಲೇಬೇಕು. ಈ ನಿಶ್ಚಯ ಗಣಿತದ್ದಲ್ಲ, ಮನುಷ್ಯನದು. ಎರ್ಲಾಂಗನು ಮಾಡಿದ ಉಪಕಾರವೆಂದರೆ, ಅದನ್ನು ಕಣ್ಣು ಮುಚ್ಚಿ ಮಾಡುವ ಬದಲು ಕಣ್ಣು ತೆರೆದು ಮಾಡುವಂತೆ ಮಾಡಿದುದು.

ಇದೇ ಸೂತ್ರದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಹೊರೆ ಹತ್ತರಷ್ಟಾಗಿ 20 ಆದರೆ ಲೈನುಗಳೂ ಹತ್ತರಷ್ಟು, ಎಂದರೆ 60 ಬೇಕೆಂದು ತೋರುವುದು. ಲೆಕ್ಕ ಹಾಕಿ ನೋಡಿದರೆ 30 ಲೈನುಗಳಿಗೇ ನಷ್ಟವು ನೂರಕ್ಕೆ ಒಂದಕ್ಕಿಂತ ಕಡಮೆ. ಹತ್ತು ಸಣ್ಣ ಗುಂಪುಗಳಾಗಿ ಒಡೆದು ಇಟ್ಟ ಲೈನುಗಳಿಗಿಂತ ಎಲ್ಲರೂ ಕೂಡಿ ಬಳಸುವ ಒಂದೇ ಗುಂಪು ಅಷ್ಟು ಲಾಭಕರ. ನಮ್ಮ ಹಳ್ಳಿಗಳ ಕೂಡು ಕಣದಲ್ಲಿ, ಕೂಡು ಕುಟುಂಬದ ಒಲೆಯಲ್ಲಿ ಈ ಲೆಕ್ಕ ಯಾವಾಗಲೂ ಇದ್ದಿತು. ಒಂದು ಸಂಸ್ಥೆಯ ಎಲ್ಲ ವಿಭಾಗಗಳಿಗೂ ಬೇರೆ ಬೇರೆ ಸಣ್ಣ ಲೈನುಗಳನ್ನು ಕೊಡದೆ ಒಂದೇ ದೊಡ್ಡ ಲೈನನ್ನು ಹಂಚಿಕೊಳ್ಳುವಂತೆ ಇಂದಿನ ಗಣಕಜಾಲಗಳನ್ನು ರಚಿಸುವುದಕ್ಕೂ ಇದೇ ಕಾರಣ. ದೊಡ್ಡ ಗುಂಪಿನಲ್ಲಿ ಒಂದು ಅಪಾಯವೂ ಇದೆಯೆಂಬುದನ್ನು ಮರೆಯಬಾರದು. ಲೈನುಗಳು ಹೆಚ್ಚು ತುಂಬಿ ಓಡುವುದರಿಂದ, ಹೊರೆ ಎಣಿಸಿದುದಕ್ಕಿಂತ ಒಂದಿಷ್ಟು ಏರಿದರೂ ನಷ್ಟವು ಸಣ್ಣ ಗುಂಪಿಗಿಂತ ವೇಗವಾಗಿ ಏರುತ್ತದೆ. ಹಂಚಿಕೊಂಡಷ್ಟೂ ಕಾವಲು ಬಿಗಿಯಾಗಬೇಕು.

1986ರ ಜುಲೈಯಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು ಮೊದಲ ಬಾರಿಗೆ ಕೆಲಸ ಆರಂಭಿಸಿತು. ಇಂತಹ ಯಾವ ಹಳ್ಳಿಯ ಎಕ್ಸ್‌ಚೇಂಜಿಗಾದರೂ ಪಟ್ಟಣದ ಕಡೆಗೆ ಎಷ್ಟು ಲೈನು ಎಳೆಯಬೇಕೆಂಬ ಪ್ರಶ್ನೆ ಬಂದಾಗ ಎಂಜಿನಿಯರು ತೆರೆಯುವುದು ಎರ್ಲಾಂಗನ ಸೂತ್ರದಿಂದ ಸಿದ್ಧಪಡಿಸಿದ ಕೋಷ್ಟಕವನ್ನು.

ಅದೇ 1917ರ ಲೇಖನದಲ್ಲಿ ಅವನು ಇನ್ನೊಂದು ಬಗೆಯ ಪ್ರಶ್ನೆಗೂ ಉತ್ತರ ಕೊಟ್ಟನು. ಲೈನು ಸಿಗದವನನ್ನು ಹಿಂದಕ್ಕೆ ಕಳುಹಿಸದೆ ಕಾಯಿಸಿದರೆ, ಅವನು ಎಷ್ಟು ಹೊತ್ತು ಕಾಯಬೇಕಾದೀತು? ಗಣಕಜಾಲದವರಿಗೆ ಹೆಚ್ಚು ಹತ್ತಿರವಾದುದು ಈ ಪ್ರಶ್ನೆ. ಟೆಲಿಫೋನು ಕರೆಯು ಲೈನನ್ನು ಪೂರ್ತಿಯಾಗಿ ಹಿಡಿದುಕೊಳ್ಳುತ್ತದೆ. ಗಣಕಜಾಲದಲ್ಲಿ ಸಂದೇಶವು ಚಿಕ್ಕ ಚಿಕ್ಕ ಕಟ್ಟುಗಳಾಗಿ ಒಡೆದು, ರೂಟರಿನ ಬಾಗಿಲಲ್ಲಿ ಸಾಲುಗಟ್ಟಿ ನಿಂತು, ಸರದಿಯಂತೆ ಹೊರಡುತ್ತದೆ. ನಿಲ್ಲಲು ಸ್ಥಳ ತುಂಬಿಹೋದರೆ ಮಾತ್ರ ಕಟ್ಟು ನಷ್ಟವಾಗುತ್ತದೆ. ಸಾಲಿನ ಗಣಿತದ ಅತ್ಯಂತ ಸರಳವಾದ ಉದಾಹರಣೆಯನ್ನು ತೆಗೆದುಕೊಂಡರೆ, ಲೈನು ಅರ್ಧದಷ್ಟು ತುಂಬಿದಾಗ ಒಂದು ಕಟ್ಟು ದಾಟುವ ಹೊತ್ತು ಖಾಲಿ ಲೈನಿಗಿಂತ ಎರಡರಷ್ಟು, ನೂರಕ್ಕೆ 80 ತುಂಬಿದಾಗ ಐದರಷ್ಟು, 90ಕ್ಕೆ ಹತ್ತರಷ್ಟು, 95ಕ್ಕೆ ಇಪ್ಪತ್ತರಷ್ಟು. ಇನ್ನೂ ನೂರಕ್ಕೆ ಐದು ಭಾಗ ಖಾಲಿಯಿದೆಯಲ್ಲ ಎಂದು ಹಣಕಾಸಿನ ವಿಭಾಗದವರು ನೆಮ್ಮದಿಯಿಂದಿರುವಾಗ ಬಳಕೆದಾರರು ಪರದೆಯ ಮುಂದೆ ತಲೆ ಚಚ್ಚಿಕೊಳ್ಳುತ್ತಿರುತ್ತಾರೆ. ಜಾಲವನ್ನು ನೋಡಿಕೊಳ್ಳುವವರು ಲೈನು ಪೂರ್ತಿ ತುಂಬುವ ಮೊದಲೇ, ಎಪ್ಪತ್ತೋ ಎಂಬತ್ತೋ ಆದಾಗಲೇ ಗಂಟೆ ಬಾರಿಸುವಂತೆ ಏರ್ಪಾಟು ಮಾಡಿಕೊಳ್ಳುವುದು ಇದಕ್ಕಾಗಿ.

ಈ ವಿದ್ಯೆಯು ಟೆಲಿಫೋನಿನಿಂದ ಗಣಕಯಂತ್ರಕ್ಕೆ ಹರಿದುಬಂದ ದಾರಿಯೂ ಸ್ಪಷ್ಟವಾಗಿದೆ. ಎರ್ಲಾಂಗನ ಸಾಲಿನ ಗಣಿತವನ್ನು ಮುಂದುವರಿಸಿದವರಲ್ಲಿ ಅಮೆರಿಕದ ಲಿಯೊನಾರ್ಡ್ ಕ್ಲೈನ್‌ರಾಕ್ ಒಬ್ಬನು. 1960ರ ದಶಕದ ಆರಂಭದಲ್ಲಿ ಅವನು ಸಂದೇಶಗಳ ಜಾಲಕ್ಕೆ ಅದನ್ನು ಅನ್ವಯಿಸಿ ಗ್ರಂಥ ಬರೆದನು. 1969ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ಟಿನ ಹಿರಿಯಜ್ಜನಾದ ಆರ್ಪಾನೆಟ್ ಆರಂಭವಾದಾಗ ಅದರ ಮೊದಲ ಗಂಟು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿದ್ದ ಅವನ ಪ್ರಯೋಗಶಾಲೆಯಲ್ಲೇ ನಿಂತಿತು. ಜಾಲದ ಅಳತೆಯ ಕೇಂದ್ರವೆಂದು ಅದಕ್ಕೆ ಹೆಸರು. ಬೇಕೆಂದೇ ಜಾಲಕ್ಕೆ ಹೊರೆ ಹೇರಿ, ಎಲ್ಲಿ ಮುರಿಯುತ್ತದೆಂದು ನೋಡುವುದು ಅಲ್ಲಿಯ ಕೆಲಸಗಳಲ್ಲೊಂದು. ಜಾಲವನ್ನು ಕಟ್ಟಿದ ಕಂಪೆನಿಯ ಕಚೇರಿಯಲ್ಲಿ ಇನ್ನೊಂದು ಕೇಂದ್ರವಿದ್ದು, ಪ್ರತಿಯೊಂದು ಗಂಟಿನ ಯಂತ್ರವೂ ತನ್ನ ಕ್ಷೇಮಸಮಾಚಾರವನ್ನು ಆಗಾಗ ಅಲ್ಲಿಗೆ ಕಳುಹಿಸುತ್ತಿತ್ತು. ಸಮಾಚಾರ ಬಾರದಿದ್ದರೆ ಅದೇ ಒಂದು ಸಮಾಚಾರ. 1988ರಲ್ಲಿ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ರೂಪುಗೊಂಡು, ಬೇರೆ ಬೇರೆ ಕಂಪೆನಿಗಳ ಯಂತ್ರಗಳನ್ನೂ ಒಂದೇ ಭಾಷೆಯಲ್ಲಿ ವಿಚಾರಿಸುವುದು ಸಾಧ್ಯವಾಯಿತು. ಪ್ರತಿ ರೂಟರಿನೊಳಗೂ ಎಣಿಕೆಯ ಕೋಷ್ಟಕವೊಂದಿರುತ್ತದೆ. ಕೇಂದ್ರದ ಯಂತ್ರವು ಕೆಲವು ನಿಮಿಷಗಳಿಗೊಮ್ಮೆ, ಸಾಮಾನ್ಯವಾಗಿ ಐದು ನಿಮಿಷಗಳಿಗೊಮ್ಮೆ, ಎಷ್ಟಾಯಿತೆಂದು ಕೇಳಿ, ಹಿಂದಿನ ಎಣಿಕೆಯನ್ನು ಕಳೆದು, ಲೈನಿನ ಸಾಮರ್ಥ್ಯದಿಂದ ಭಾಗಿಸಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಐದು ನಿಮಿಷಗಳ ಸರಾಸರಿಯೊಳಗೆ ಐದು ಸೆಕೆಂಡುಗಳ ನೂಕುನುಗ್ಗಲು ಅಡಗಿಹೋಗುವುದೆಂಬುದನ್ನು 1909ರ ಲೇಖನವನ್ನು ಓದಿದವರು ತಟ್ಟನೆ ಹೇಳಬಲ್ಲರು.

ಎರ್ಲಾಂಗನ ಲೆಕ್ಕ ಎಲ್ಲ ಕಡೆಗೂ ಸಲ್ಲುತ್ತದೆಂದು ಹೇಳಿದರೆ ಅವನಿಗೇ ಅಪಚಾರ. ಕರೆಗಳು ಒಂದನ್ನೊಂದು ಅವಲಂಬಿಸಿಲ್ಲ ಎಂಬುದು ಅದರ ಅಡಿಗಲ್ಲು. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ನಾವೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುತ್ತೇವೆ. ಆಗ ಆ ಕಲ್ಲು ಜರುಗುತ್ತದೆ. ಬಾಗಿಲು ತೆರೆಯದಿದ್ದರೆ ಬಿಟ್ಟು ಹೋಗುತ್ತೇವೆಂದು ಬಿ ಸೂತ್ರವು ಭಾವಿಸುತ್ತದೆ; ನಾವಾದರೋ ಮತ್ತೆ ಮತ್ತೆ ತಟ್ಟುತ್ತೇವೆ, ಹೊರೆ ಇನ್ನೂ ಏರುತ್ತದೆ. ಅಮೆರಿಕದ ಬೆಲ್‌ಕೋರ್ ಪ್ರಯೋಗಶಾಲೆಯವರು ಕಚೇರಿಯ ಗಣಕಜಾಲದ ದಟ್ಟಣೆಯನ್ನು 1989ರಿಂದ 1992ರವರೆಗೆ ಸೂಕ್ಷ್ಮವಾಗಿ ಅಳೆದು ನೋಡಿದಾಗ ಅದು ಪಾಯ್ಸಾನ್ ನಿಯಮದಂತೆ ನಡೆಯುತ್ತಿಲ್ಲವೆಂಬುದು ಗೊತ್ತಾಯಿತು. ಟೆಲಿಫೋನು ಕರೆಗಳ ಏರಿಳಿತವು ಹೆಚ್ಚು ಹೊತ್ತಿನ ಸರಾಸರಿ ತೆಗೆದಷ್ಟೂ ಸಮವಾಗುತ್ತದೆ. ಈ ದಟ್ಟಣೆಯಾದರೋ ಸೆಕೆಂಡಿನಲ್ಲಿ ನೋಡಿದರೂ ಗಂಟೆಯಲ್ಲಿ ನೋಡಿದರೂ ಅಷ್ಟೇ ಒರಟಾಗಿ ಏರಿಳಿಯುತ್ತದೆ. ಇದರಿಂದ ಎರ್ಲಾಂಗನು ಸೋತನೆಂದು ಕೆಲವರು ಬರೆದರು. ಅವನ ಸೂತ್ರವು ಅಲ್ಲಿ ಸಲ್ಲದೆಂಬುದನ್ನು ಅವನ ಮಾರ್ಗದಿಂದಲೇ, ಎಂದರೆ ಅಳೆದು ನೋಡಿಯೇ, ಕಂಡುಕೊಂಡರೆಂಬುದನ್ನು ಅವರು ಗಮನಿಸಲಿಲ್ಲ.

ಅವನ ಬರವಣಿಗೆ ತೀರ ಸಂಕ್ಷಿಪ್ತ. ಎಷ್ಟೋ ಕಡೆಗಳಲ್ಲಿ ಫಲಿತಾಂಶವನ್ನು ಹೇಳಿ ಸಾಧನೆಯನ್ನು ಬಿಟ್ಟುಬಿಡುತ್ತಿದ್ದನು. ಓದುವವರಿಗೆ ಅದು ಕಷ್ಟವಾಗುತ್ತಿತ್ತು. ಹೀಗಿದ್ದೂ ಅಮೆರಿಕದ ಬೆಲ್ ಪ್ರಯೋಗಶಾಲೆಯ ಸಂಶೋಧಕನೊಬ್ಬನು ಅವನ ಲೇಖನಗಳನ್ನು ಮೂಲದಲ್ಲಿಯೇ ಓದಬೇಕೆಂದು ಡೇನಿಷ್ ಭಾಷೆಯನ್ನು ಕಲಿತನಂತೆ. ಸಣ್ಣ ಭಾಷೆಯಲ್ಲಿ ಬರೆದರೆ ಲೋಕ ಓದುವುದಿಲ್ಲವೆಂದು ಹೇಳುವವರು ಇದನ್ನು ನೆನಪಿನಲ್ಲಿಡಬಹುದು.

ಅವನ ಗೃಹಜೀವನದ ವಿಷಯವಾಗಿ ಹೇಳಬೇಕಾದುದು ಹೆಚ್ಚಿಲ್ಲ. ಅವನು ಮದುವೆಯಾಗಲಿಲ್ಲ, ತಂಗಿ ಇಂಗೆಬೋರ್ಗಳೊಡನೆ ವಾಸವಾಗಿದ್ದನು. ಗಣಿತ, ಖಗೋಲ, ಭೌತಶಾಸ್ತ್ರಗಳ ಪುಸ್ತಕಗಳನ್ನು ಮನೆತುಂಬ ಕೂಡಿಹಾಕಿದ್ದನು. ಗುಂಪಿನಲ್ಲಿ ಮಾತನಾಡುವುದಕ್ಕಿಂತ ಕೇಳುವುದು ಅವನಿಗೆ ಹೆಚ್ಚು ಇಷ್ಟವಾಗಿತ್ತು. ತನ್ನ ಸ್ವಂತ ವಿಷಯವನ್ನು ಎತ್ತುತ್ತಿರಲಿಲ್ಲ. ಸ್ನೇಹಿತರು ಅವನಿಗೆ ಖಾಸಗಿ ಮನುಷ್ಯನೆಂದೇ ಅಡ್ಡಹೆಸರಿಟ್ಟಿದ್ದರು. ಕಷ್ಟದಲ್ಲಿದ್ದವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆಗೂ ಬರುತ್ತಿದ್ದರು, ಕಚೇರಿಗೂ ಬರುತ್ತಿದ್ದರು. ಇನ್ನೊಬ್ಬರಿಗೆ ತಿಳಿಯದಂತೆ ತನ್ನಿಂದಾದುದನ್ನು ಕೊಟ್ಟು ಕಳುಹಿಸುತ್ತಿದ್ದನು. ಇಲ್ಲವೆನ್ನುವುದರ ಪ್ರಮಾಣವನ್ನು ಲೆಕ್ಕ ಹಾಕಿದವನ ಬಾಗಿಲಲ್ಲಿ ಇಲ್ಲವೆಂಬ ಮಾತು ಅಪರೂಪವಾಗಿತ್ತು.

ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಅವನು ಕಾಯಿಲೆಯೆಂದು ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಮತ್ತೆ ಕೆಲಸಕ್ಕೆ ಬರಲಿಲ್ಲ. ಫೆಬ್ರವರಿ 3ನೆಯ ತಾರೀಖು ಭಾನುವಾರ, ಐವತ್ತೊಂದನೆಯ ವಯಸ್ಸಿನಲ್ಲಿ, ಕಾಲವಾದನು.

ಅವನ ಹೆಸರು ಅವನ ಕಾಲಾನಂತರವೇ ದೊಡ್ಡದಾಯಿತು. 1946ರಲ್ಲಿ ಅಂತರರಾಷ್ಟ್ರೀಯ ಟೆಲಿಫೋನ್ ಸಮಾಲೋಚನಾ ಸಮಿತಿಯು ಟೆಲಿಫೋನ್ ದಟ್ಟಣೆಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಅಂಗೀಕರಿಸಿತು. ಮೇಲಿನ ಉದಾಹರಣೆಯಲ್ಲಿ ನಾವು ಬರಿದೇ 2 ಎಂದ ಹೊರೆಯನ್ನು 2 ಎರ್ಲಾಂಗ್ ಎಂದೇ ಹೇಳಬೇಕು. 1948ರಲ್ಲಿ ಅವನ ಜೀವನವನ್ನೂ ಲೇಖನಗಳನ್ನೂ ಸೇರಿಸಿದ ಗ್ರಂಥ ಕೋಪನ್‌ಹೇಗನ್ನಿನಲ್ಲಿ ಹೊರಬಂದಿತು. 1986ರಲ್ಲಿ ಸ್ವೀಡನ್ನಿನ ಎರಿಕ್‌ಸನ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಎಕ್ಸ್‌ಚೇಂಜುಗಳನ್ನು ನಡೆಸುವುದಕ್ಕಾಗಿ ಒಂದು ಗಣಕಭಾಷೆಯನ್ನು ರಚಿಸಲಾರಂಭಿಸಿದಾಗ ಅದಕ್ಕೂ ಇದೇ ಹೆಸರು ಬಂದಿತು. ನಾವು ದಿನವೂ ಕಳುಹಿಸುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಗಿಸುವ ಸರ್ವರುಗಳನ್ನು ಕಟ್ಟಿದುದು ಆ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಬರೆಯುವವರು ಮನುಷ್ಯನನ್ನು ಹೇಳುವಾಗ ದೊಡ್ಡ ಅಕ್ಷರದಿಂದಲೂ ಮಾನವನ್ನು ಹೇಳುವಾಗ ಚಿಕ್ಕ ಅಕ್ಷರದಿಂದಲೂ ಅವನ ಹೆಸರನ್ನು ಆರಂಭಿಸುತ್ತಾರೆ. ಕನ್ನಡದಲ್ಲಿ ಅಕ್ಷರಗಳಿಗೆ ಈ ಭೇದವಿಲ್ಲ. ಎರಡನ್ನೂ ಒಂದೇ ರೀತಿಯಾಗಿ ಬರೆಯುತ್ತೇವೆ.